ಮೂರನೆಯ ನೀರು

ಆಕೆ ಹೋದ ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ತಡವಾಗಿ. ಫೋನು ಮಾಡಿದ್ದು ಆಕೆಯ ಸೊಸೆ.

"ಅತ್ತಿ ಹೋದ್ಲ್ರಿ ಬಾಯಾರ. ನಿಮಗೊಂದು ಸಾಮಾನು ಕೊಡು ಅಂತ ಹೇಳ್ಯಾಳ. ಬಂದು ಒಯ್ರಿ."

ದನಿಯಲ್ಲಿ ಅಳುವಿರಲಿಲ್ಲ. ಹಾಲಿನವನಿಗೆ ನಾಳೆ ಬರಬೇಡ ಎಂದು ಹೇಳುವ ಹಾಗಿತ್ತು. ಅದರ ಕಾರಣ ನನಗೆ ಗೊತ್ತು. ಆ ಕಾರಣದಲ್ಲಿ ನನ್ನ ಪಾಲೂ ಇದೆ. ಅದನ್ನು ಬರೆಯುವ ಮೊದಲು ಆಕೆ ಎಂಥವಳೆಂದು ಹೇಳಬೇಕು. ಇಲ್ಲದಿದ್ದರೆ ಊರಿನವರು ಹೇಳುವುದಷ್ಟೇ ಉಳಿದುಬಿಡುತ್ತದೆ.

ಕೊಪ್ಪಳ ಬೇರೆ ಜಿಲ್ಲೆಯಾದ ಹೊಸತರಲ್ಲಿ, ಸಿದ್ದಾಪುರದಿಂದ ಒಳಗೆ ಕಾಲುವೆ ದಂಡೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ನಾನು ನರ್ಸಾಗಿ ಹೋದೆ. ನಮ್ಮ ಕಡೆ ನರ್ಸಿಗೂ ಶಾಲೆಯ ಟೀಚರಿಗೂ ಬಾಯಾರು ಎಂದೇ ಹೆಸರು. ಕೇಂದ್ರಕ್ಕೆ ಎರಡು ವರ್ಷದಿಂದ ಬೀಗ ಬಿದ್ದಿತ್ತು. ಬಾಗಿಲು ತೆಗೆದರೆ ಬಾವಲಿಯ ಹಿಕ್ಕೆ, ತುಕ್ಕು ಹಿಡಿದ ಟ್ರೇಗಳು. ಕಸ ಹೊಡೆದು ನೀರು ತುಂಬಲು ಒಬ್ಬರು ಬೇಕು ಎಂದು ಪಂಚಾಯ್ತಿಯವರಿಗೆ ಹೇಳಿದ್ದೆ. ಮರುದಿನ ಬೆಳಿಗ್ಗೆ ಆರಕ್ಕೆ ಆಕೆ ಬಾಗಿಲಲ್ಲಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಗಂಡನಿಲ್ಲದವಳು. ಎತ್ತರದ ಒಣಕಲು ಮೈ. ಭತ್ತದ ನಾಟಿ ಮಾಡಿ ಮಾಡಿ ಬೆನ್ನು ತುಸು ಬಾಗಿತ್ತು. ಕೆಲಸ ಉಂಟೋ ಇಲ್ಲವೋ ಎಂದು ಕೇಳಲಿಲ್ಲ.

"ಕಸಬರಿಗಿ ಎಲ್ಲೈತ್ರಿ?" ಎಂದಳು.

"ಇಲ್ಲಿ ಕೆಲಸ ಐತಿ ಅಂತ ಯಾರು ಹೇಳಿದ್ರು?"

"ಯಾರು ಹೇಳ್ಬೇಕ್ರಿ? ಎರಡು ವರ್ಷ ಆತು, ಈ ಕೀಲಿ ನೋಡಕೋತ ಅಡ್ಡಾಡ್ತೀನಿ."

ಆ ಮಾತಿನ ಅರ್ಥ ಆರು ತಿಂಗಳ ಮೇಲೆ ತಿಳಿಯಿತು. ಬೀಗ ಬಿದ್ದಿದ್ದ ಆ ಕಾಲದಲ್ಲಿ ಆಕೆಯ ಒಬ್ಬಳೇ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ರಕ್ತ ನಿಲ್ಲಲಿಲ್ಲ. ಟೆಂಪೋ ಸಿಕ್ಕು ಗಂಗಾವತಿ ದಾರಿ ಹಿಡಿಯುವಷ್ಟರಲ್ಲಿ ಕಾಲುವೆಯ ಸೇತುವೆ ಮೇಲೆ ಜೀವ ಹೋಯಿತು. ಇದನ್ನು ಆಕೆ ಒಂದೇ ಸಲ ಹೇಳಿದ್ದು, ಅದೂ ಟ್ರೇ ಒರೆಸುತ್ತ, ನನ್ನ ಕಡೆ ತಿರುಗದೆ.

ನಾನು ತರಬೇತಿ ಪಡೆದ ಹಾಸ್ಟೆಲಿನಲ್ಲಿ ಹಾಸಿಗೆಯ ಹೊದಿಕೆ ಮೂಲೆ ತಪ್ಪಿದರೆ ಬೆಳಗಿನ ಉಪ್ಪಿಟ್ಟು ಸಿಗುತ್ತಿರಲಿಲ್ಲ. ಆ ಶಿಸ್ತು ನನ್ನಲ್ಲಿ ಉಳಿದಿತ್ತು. ಎಲ್ಲದಕ್ಕೂ ಹೊತ್ತು, ಎಲ್ಲದಕ್ಕೂ ಜಾಗ. ಆಕೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಸೂಜಿ, ಸಿರಿಂಜು ಇಪ್ಪತ್ತು ನಿಮಿಷ ಕುದಿಯಬೇಕು ಎಂದರೆ, "ಇಪ್ಪತ್ತು ಅಂದ್ರ ಎಷ್ಟ್ರಿ?" ಎಂದಳು. ಗಡಿಯಾರ ಕಲಿಸಲು ಕೂತೆ. ಎರಡು ದಿನ ಕೇಳಿ, ಮೂರನೆಯ ದಿನ ತನ್ನದೇ ಲೆಕ್ಕ ತಂದಳು. ನೀರು ಕುದಿ ಬಂದಮೇಲೆ ಬೋರಿಂಗಿಗೆ ಹೋಗಿ ಕೊಡ ತುಂಬಿಕೊಂಡು ಬರುವುದು, ಹೀಗೆ ಎರಡು ಸಲ. ನಾನು ಕೈಗಡಿಯಾರ ಹಿಡಿದು ನೋಡಿದೆ. ಇಪ್ಪತ್ತೆರಡು ನಿಮಿಷ. ಬೇಸಿಗೆಯಲ್ಲಿ ಬೋರಿಂಗಿನ ನೀರು ಸಣ್ಣಗಾದಾಗ ಸೂಜಿಗಳು ಅರ್ಧ ತಾಸು ಕುದಿಯುತ್ತಿದ್ದವು. ಕಡಿಮೆಯಂತೂ ಒಂದು ದಿನವೂ ಕುದಿಯಲಿಲ್ಲ.

ತೊಳೆಯುವ ವಿಷಯಕ್ಕೆ ಬಂದರೆ ನಾನೇ ಆಕೆಯ ಮುಂದೆ ಸಡಿಲ. ಸೋಪಿನಲ್ಲಿ ತಿಕ್ಕಿದ್ದನ್ನು ಮೂರು ಸಲ ಹೊಸ ನೀರಿನಲ್ಲಿ ಜಾಲಿಸಬೇಕು ಎಂದು ಒಮ್ಮೆ ಹೇಳಿದ್ದೆ, ಅಷ್ಟೇ. ಅಂದಿನಿಂದ ಬಟ್ಟೆ, ಬಟ್ಟಲು, ತೊಟ್ಟಿಲ ಬಟ್ಟೆ, ತನ್ನ ಕೈಕಾಲು, ಎಲ್ಲಕ್ಕೂ ಮೂರು ನೀರು. ಎಣಿಸುವಾಗ ತುಟಿ ಅಲ್ಲಾಡುತ್ತಿತ್ತು. ಮೂರನೆಯ ನೀರು ಚೆಲ್ಲಿದ ಮೇಲೆ ಅಂಗೈ ಮೂಸಿ ನೋಡುವುದು, ಆಮೇಲೆ ಸೆರಗಿಗೆ ಒರೆಸಿಕೊಳ್ಳುವುದು. ಊರಿನ ಹೆಂಗಸರು ಮೂರ್‌ನೀರಿನಾಕಿ ಎಂದು ಕರೆಯತೊಡಗಿದರು. ಆಕೆಗೆ ಅದು ಬಿರುದು. ನನ್ನನ್ನೂ ಬಿಡುತ್ತಿರಲಿಲ್ಲ.

"ಬಾಯಾರ, ನೀವು ಸತ್ತು ಮ್ಯಾಲೆ ಹೋದ್ರ ಅಲ್ಲಿ ದೇವ್ರಿಗೂ ಮದ್ಲ ಕೈ ತೊಳಿ ಅಂತೀರಿ ನೋಡ್ರಿ."

"ನೀವು ಬೋಗುಣಿ ಹಿಡ್ಕೊಂಡು ಹಿಂದ ಬರ್ತೀರಲ್ಲ?"

"ಮತ್ತ? ನೀವು ಒಬ್ರs ಹೋದ್ರ ಎರಡs ನೀರಿಗೆ ಬಿಡ್ತೀರಿ."

ಒಂದು ಮಳೆಗಾಲದಲ್ಲಿ ಊರಿನ ಕೂಸುಗಳಿಗೆ ಒಂದರ ಹಿಂದೊಂದು ವಾಂತಿಭೇದಿ ಹತ್ತಿತು. ನಾಟಿಯ ಹೊತ್ತು. ತಾಯಂದಿರು ಕೂಸುಗಳನ್ನು ಬದುವಿನ ಮೇಲೆ ಕೂಡಿಸಿ ಕೈಗೊಂದು ಆಟಿಕೆ ಕೊಟ್ಟು ಗದ್ದೆಗೆ ಇಳಿಯುತ್ತಿದ್ದರು. ಆಟಿಕೆ ಕೆಸರಿಗೆ ಬೀಳುವುದು, ಕೂಸು ಎತ್ತಿ ಬಾಯಿಗಿಡುವುದು. ನಾನು ಹೆಂಗಸರನ್ನು ಕೇಂದ್ರದ ಕಟ್ಟೆಗೆ ಕರೆಸಿ ಹೇಳಿದೆ. ಕೂಸು ಬಾಯಿಗಿಡುವ ಸಾಮಾನೆಲ್ಲ ದಿನಾ ತೊಳೆಯಬೇಕು. ಮೊದಲು ಸೋಪು, ಆಮೇಲೆ ನಾನು ಕೊಡುವ ಬ್ಲೀಚಿಂಗ್ ಪೌಡರಿನ ತೆಳು ನೀರಿನಲ್ಲಿ ನೆನೆ ಹಾಕುವುದು, ಆಮೇಲೆ ಮೂರು ನೀರು, ಆಮೇಲೆ ಬಿಸಿಲು. ಇದಕ್ಕೆಲ್ಲ ಒಂದು ಬೇರೆಯೇ ಪಾತ್ರೆ ಇರಬೇಕು; ಅದನ್ನು ಅಡಿಗೆಗಾಗಲಿ ಸ್ನಾನಕ್ಕಾಗಲಿ ಮತ್ತೊಂದಕ್ಕಾಗಲಿ ಮುಟ್ಟಬಾರದು. ಮನೆ ಭೇಟಿಯ ರಿಜಿಸ್ಟರಿನಲ್ಲಿ ನಾನೇ ಹೊಸದಾಗಿ ಒಂದು ಕಾಲಂ ಎಳೆದೆ. 'ಬೇರೆ ಪಾತ್ರೆ ಇದೆಯೇ?' ಇದ್ದರೆ ಒಂದು ಗುರುತು.

ಆಕೆ ಈ ಕೆಲಸವನ್ನು ವ್ರತದಂತೆ ಹಿಡಿದಳು. ಓಣಿಯ ಒಬ್ಬ ತಾಯಿ ಕಿನ್ನಾಳದ ಬಣ್ಣದ ಮರದ ಗಿಳಿಯೊಂದನ್ನು ತೊಳೆಯಲು ಕೊಟ್ಟಳು. ಸೂಜಿಯ ಪಾಠ ನೆನಪಿಟ್ಟುಕೊಂಡಿದ್ದ ಈಕೆ ಅದನ್ನು ಕುದಿಯುವ ನೀರಿಗೆ ಹಾಕಿ ಎರಡು ಕೊಡ ನೀರು ತಂದಳು. ಗಿಳಿಯ ಹಸಿರು, ಕೊಕ್ಕಿನ ಕೆಂಪು ಎಲ್ಲ ನೀರಿಗಿಳಿಯಿತು. ಆ ತಾಯಿ ಕೇಂದ್ರದ ಬಾಗಿಲಿಗೆ ಬಂದು ಕೂಗಿದಳು.

"ಗಿಳಿ ಕೊಟ್ರ ಕಟಗಿ ಕೊಟ್ಟಿಯಲ್ಲಬೇ!"

"ಬಣ್ಣ ಕೂಸಿನ ಹೊಟ್ಟ್ಯಾಗ ಹೋಗೂದು ಬಿಟ್ಟು ಬೋಗಾಣ್ಯಾಗ ಹೋತು. ಅಷ್ಟs ತಿಳಕೋ, ಹೋಗು."

ಮರದ ಗೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು ಎಂದು ನಾನು ನಿಯಮ ತಿದ್ದಿದೆ. ಆಕೆ ತಲೆಯಾಡಿಸಿದಳು. ನಿಯಮ ತಪ್ಪಿದ್ದರೆ ನಾನು ತಿದ್ದುತ್ತೇನೆ ಎಂದು ಆಕೆಗೆ ನನ್ನ ಮೇಲೆ ಅಷ್ಟು ನಂಬಿಕೆ.

ಆಗ ಆಕೆಯ ಮನೆಯಲ್ಲೇ ಒಂದು ಕೂಸಿತ್ತು. ಮಗನ ಮಗ, ಒಂಬತ್ತು ತಿಂಗಳು. ಸೊಸೆ ಇಪ್ಪತ್ತರ ಹುಡುಗಿ, ನಾಟಿಗೆ ಹೋಗುತ್ತಿದ್ದಳು. ಮಗ ಆಂಧ್ರದಿಂದ ಬಂದವರು ನೆಲೆಸಿದ ಪಕ್ಕದ ಕ್ಯಾಂಪಿನ ದೊಡ್ಡ ರೈತರೊಬ್ಬರ ಗದ್ದೆಗೆ ಎಣ್ಣೆ ಹೊಡೆಯುವ ಕೆಲಸಕ್ಕಿದ್ದ. ಬೆಳೆಯ ಹುಳಕ್ಕೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಎಣ್ಣೆ ಮುಗಿದ ಪ್ಲಾಸ್ಟಿಕ್ ಡಬ್ಬಿಗಳಿಗೆ ಆಗ ಭಾರೀ ಬೇಡಿಕೆ. ಗಟ್ಟಿ ಡಬ್ಬಿ, ಹಿಡಿಯಲು ಹಿಡಿಕೆ ಬೇರೆ. ರೈತರು ಮನಸ್ಸು ಬಂದ ಆಳಿಗೆ ಬಕ್ಷೀಸಿನಂತೆ ಕೊಡುತ್ತಿದ್ದರು. ಊರಿನಲ್ಲಿ ಅದರಲ್ಲೇ ನೀರು ತುಂಬುತ್ತಿದ್ದರು, ಅದರಲ್ಲೇ ಜೋಳ ಇಡುತ್ತಿದ್ದರು. ನಾನೂ ಸೀಮೆಎಣ್ಣೆಗೆ ಒಂದನ್ನು ಇಟ್ಟುಕೊಂಡಿದ್ದೆ.

ಆಕೆಯ ಮನೆಯಲ್ಲಿ ಒಟ್ಟು ನಾಲ್ಕು ಪಾತ್ರೆ. ನಾಲ್ಕಕ್ಕೂ ಕೆಲಸವಿತ್ತು. ಯಾವ ಕೆಲಸಕ್ಕೂ ಬಳಸದ ಪಾತ್ರೆ ಎಂದು ನಾನು ಹೇಳಿದ್ದಕ್ಕೆ ಸರಿಹೊಂದುವುದು ಒಂದೇ ಇತ್ತು. ಮಗ ಆ ವಾರ ತಂದ ಡಬ್ಬಿ. ಆಕೆ ಅದರ ಒಂದು ಮಗ್ಗುಲನ್ನು ಕುಡುಗೋಲಿನಿಂದ ಕೊಯ್ದು ತೊಟ್ಟಿಯಂತೆ ಮಾಡಿದಳು. ಗೂಟಕ್ಕೆ ತೂಗುಹಾಕಲು ಹಿಡಿಕೆಯನ್ನು ಉಳಿಸಿಕೊಂಡಳು. ಬೂದಿ ಹಚ್ಚಿ ತಿಕ್ಕಿದಳು, ಸೋಪು ಹಚ್ಚಿದಳು, ಮೂರು ನೀರು ಬಿಟ್ಟಳು.

ಮನೆ ಭೇಟಿಗೆ ಹೋದಾಗ ಆಕೆ ಅದನ್ನು ನನಗೆ ತೋರಿಸಿದಳು. ನಾನು ತಿರುಗಿಸಿ ನೋಡಿದೆ. ಒಳಗೆ ಬೆರಳಾಡಿಸಿದೆ. ಬೆಳ್ಳಗೆ, ನುಣ್ಣಗೆ, ಚೊಕ್ಕವಾಗಿತ್ತು.

"ಛಲೋ ಮಾಡೀರಿ ಅಕ್ಕಾ," ಎಂದೆ. ರಿಜಿಸ್ಟರ್ ತೆಗೆದು ಗುರುತು ಹಾಕಿದೆ. ಆಕೆಯ ಮುಖ ಅರಳಿತು. ಊರಿಗೆಲ್ಲ ಅದೇ ಮೊದಲ ಗುರುತು.

ಅಂಥ ಡಬ್ಬಿಯ ಹಿಡಿಕೆ ಪೊಳ್ಳು. ಹೊರಗಿನಿಂದ ಕಾಣುವುದಿಲ್ಲ, ಕೈ ಹೋಗುವುದಿಲ್ಲ. ಒಳಗೆ ಉಳಿದ ಎಣ್ಣೆ ಡಬ್ಬಿ ಓರೆಯಾದಾಗಲೆಲ್ಲ ಹನಿಹನಿಯಾಗಿ ಇಳಿಯುತ್ತದೆ. ಎಷ್ಟು ನೀರು ಬಿಟ್ಟರೂ ಆ ನೀರೇ ಅದನ್ನು ಕೆಳಗೆ ತರುತ್ತದೆ. ಇದು ನನಗೆ ಆಗ ಹೊಳೆಯಲಿಲ್ಲ.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಆಕೆ ಕೂಸನ್ನು ಎತ್ತಿಕೊಂಡು ಓಡಿಬಂದಳು. ಭೇದಿ, ವಾಂತಿ, ಜೊಲ್ಲು, ಬೆವರು. ನಾನು ಊರಿಗೆ ಬಂದ ರೋಗವೇ ಎಂದುಕೊಂಡು ಉಪ್ಪು ಸಕ್ಕರೆಯ ನೀರು ಕುಡಿಸುತ್ತ ಕೂತೆ. ಅರ್ಧ ತಾಸು ಹಾಗೆ ಹೋಯಿತು. ಕಣ್ಣು ಬಿಡಿಸಿ ನೋಡಿದಾಗ ಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ಇದು ಬರಿಯ ಭೇದಿಯಲ್ಲ. ಟೆಂಪೋದಲ್ಲಿ ಹಾಕಿಕೊಂಡು ಗಂಗಾವತಿಗೆ ಹೋದೆವು. ಅದೇ ಸೇತುವೆಯ ಮೇಲೆ. ದಾರಿಯುದ್ದಕ್ಕೂ ಆಕೆ ಕೂಸಿನ ಬಾಯಿ ಒರೆಸುತ್ತಲೇ ಇದ್ದಳು. ಡಾಕ್ಟರು ನೋಡಿದ ತಕ್ಷಣ, "ಎಣ್ಣಿ ಎಲ್ಲಿಂದ ಹೋತು ಹೊಟ್ಟಿಗೆ?" ಎಂದರು. ಯಾರಿಗೂ ಗೊತ್ತಿರಲಿಲ್ಲ. ಸಂಜೆ ಐದೂವರೆಗೆ ಕೂಸು ಹೋಯಿತು.

ಮರುದಿನ ಮಣ್ಣು ಮಾಡಿ ಬಂದಮೇಲೆ ನಾನು ಆಕೆಯ ಹಿತ್ತಿಲಿಗೆ ಹೋದೆ. ಆಟಿಕೆಗಳು ಬಿಸಿಲಿಗೆ ಹಾಕಿದ ಹಾಗೇ ಇದ್ದವು. ಸಾಲಾಗಿ, ಬೋರಲಾಗಿ, ನಾನು ಕಲಿಸಿದ ಹಾಗೆ. ಅವುಗಳಲ್ಲಿ ಹನುಮನಹಳ್ಳಿಯ ಬೆಟ್ಟಕ್ಕೆ ಹೋದಾಗ ಸೊಸೆ ಕೊಂಡು ತಂದ ರಬ್ಬರಿನ ಬಾತುಕೋಳಿಯೂ ಇತ್ತು. ಒತ್ತಿದರೆ ಪೀಂ ಎನ್ನುವಂಥದ್ದು. ಒತ್ತಿದೆ. ಪೀಂ ಎನ್ನಲಿಲ್ಲ. ತಳದ ತೂತಿನಿಂದ ಹಾಲಿನಂಥ ನೀರು ಚಿಮ್ಮಿ ಅಂಗೈಗೆ ಬಿತ್ತು. ಮೂಸಿದೆ. ಎಣ್ಣೆ ಹೊಡೆದ ಗದ್ದೆಯ ವಾಸನೆ. ಕೂಸು ದಿನವೆಲ್ಲ ಚೀಪುತ್ತಿದ್ದುದು ಅದನ್ನೇ. ತಲೆ ಎತ್ತಿದರೆ ಆಕೆ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು.

ವಿಷವೆಂದು ಡಾಕ್ಟರು ಬರೆದಿದ್ದರಿಂದ ವಿಚಾರಣೆ ಬಂತು. ನಮ್ಮ ಇಲಾಖೆಯ ಮೇಲಿನ ಒಬ್ಬ ಸಾಹೇಬರು, ಜೊತೆಗೆ ಒಬ್ಬ ಹವಾಲ್ದಾರ. ಅವರು ಬರುವ ಹೊತ್ತಿಗೆ ಊರು ತೀರ್ಮಾನ ಮಾಡಿಯಾಗಿತ್ತು. ಸೊಸೆ ಗಂಡನ ಕೂಡ ಜಗಳಾಡಿ ಕೂಸಿಗೆ ಎಣ್ಣೆ ಹಾಕಿದಳೆಂದು. ಆ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಹವಾಲ್ದಾರ ಅವಳ ಕಡೆ ತಿರುಗುವ ಮೊದಲೇ ಆಕೆ ಎದ್ದು ನಿಂತಳು.

"ಹುಡಿಗೀನ ಏನೂ ಕೇಳಬ್ಯಾಡ್ರಿ. ಎಣ್ಣಿ ಡಬ್ಬ್ಯಾಗ ಆಟಿಗಿ ಸಾಮಾನು ತೊಳದಾಕಿ ನಾನು."

"ಎಣ್ಣಿ ಡಬ್ಬಿ ಯಾಕ ತಗೊಂಡಿ?" ಎಂದ ಹವಾಲ್ದಾರ.

"ಮನ್ಯಾಗ ಬ್ಯಾರೆ ಇರಲಿಲ್ರಿ."

ಸಾಹೇಬರು ನನ್ನ ಕಡೆ ನೋಡಿದರು. "ಸಿಸ್ಟರ್, ಹ್ಯಾಂಗ ತೊಳೀಬೇಕು ಅಂತ ನೀವು ತಿಳಿಸಿ ಹೇಳಿರಲಿಲ್ಲೇನು?"

ನಾನು ಬಾಯಿ ತೆರೆಯುವುದರೊಳಗೆ ಆಕೆಯೇ ಹೇಳಿದಳು. "ಬಾಯಾರು ಮೂರು ನೀರು ಅಂತ ಹೇಳಿದ್ರಿ. ಆವತ್ತು ಅವಸರ ಇತ್ತು. ನಾನs ಎರಡು ನೀರಿಗೆ ಬಿಟ್ಟೆ."

ಮೂಲೆಯಲ್ಲಿದ್ದ ಸೊಸೆ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಆ ನೋಟ ನಾನು ಮರೆತಿಲ್ಲ.

"ಹೌದೇನ್ರಿ ಸಿಸ್ಟರ್? ಮೂರು ನೀರು ಅಂತ ಹೇಳಿದ್ರಾ?"

"ಹೇಳಿದ್ದೆ ಸರ್," ಎಂದೆ.

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸಾಹೇಬರು ರಿಜಿಸ್ಟರ್ ಕೇಳಲಿಲ್ಲ. ಅದು ನನ್ನ ಚೀಲದಲ್ಲೇ ಇತ್ತು, ಗುರುತಿನ ಸಮೇತ. ಡಬ್ಬಿಯನ್ನು ನೀವು ನೋಡಿದ್ದಿರಾ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯವರ ನಿರ್ಲಕ್ಷ್ಯ ಎಂದು ಬರೆದುಕೊಂಡು ಅವರು ಜೀಪು ಹತ್ತಿದರು.

ಮರುದಿನ ಬೆಳಿಗ್ಗೆ ಆರಕ್ಕೆ ಆಕೆ ಕೇಂದ್ರದ ಕಸ ಹೊಡೆಯುತ್ತಿದ್ದಳು. ನಾನು ಚಹಾ ಮಾಡಿ ಕೊಟ್ಟೆ. ಕುಡಿದು ಲೋಟ ತೊಳೆದಳು. ಮೂರು ನೀರು.

ಅದಾದಮೇಲೆ ಆಕೆಯ ಸೊಂಟದಲ್ಲಿ ಯಾವಾಗಲೂ ಒಂದು ಕುಡುಗೋಲು ಇರುತ್ತಿತ್ತು. ಎಣ್ಣೆ ಡಬ್ಬಿ ಕಂಡ ಮನೆಗೆ ನುಗ್ಗಿ ತಳಕ್ಕೆ ತೂತು ಹೊಡೆಯುವುದು. ಬೈಗುಳ ತಿಂದಳು, ಒಮ್ಮೆ ಪೆಟ್ಟೂ ತಿಂದಳು.

"ನಮ್ಮ ಮನಿ ಡಬ್ಬಿ ಒಡಿಯಾಕ ನೀ ಯಾಕಿಬೇ? ಮೊಮ್ಮಗನ್ನ ತಿಂದಾಕಿ!"

"ಹೌದವಾ, ತಿಂದಾಕಿನs. ಅದಕ್ಕs ಹೇಳ್ತೀನಿ, ಆ ರುಚಿ ನಿನಗ ಬ್ಯಾಡ."

ಡಬ್ಬಿ ಒಡೆದ ಮನೆಗೆ ತನ್ನದೊಂದು ಬೋಗುಣಿ ಒಯ್ಯುತ್ತಿದ್ದಳು. ಮನೆಯ ನಾಲ್ಕು ಪಾತ್ರೆಗಳಲ್ಲಿ ದೊಡ್ಡದು, ಅನ್ನ ಮಾಡುತ್ತಿದ್ದ ಅಲ್ಯುಮಿನಿಯಂ ಬೋಗುಣಿ. ಅಂದಿನಿಂದ ಅದರಲ್ಲಿ ಅನ್ನ ಮಾಡಲಿಲ್ಲ. ಕೂಸಿದ್ದ ಮನೆಗೆ ವಾರಕ್ಕೆರಡು ಸಲ ಹೋಗಿ, ಅಂಗಳದಲ್ಲಿ ಕೂತು, ಅಲ್ಲಿನ ಆಟಿಕೆಗಳನ್ನು ತೊಳೆದು ಬರುವಳು. ಪೀಪಿ ಗೊಂಬೆಯಾದರೆ ಮೊದಲು ಒತ್ತಿ ಒಳಗಿನ ನೀರು ತೆಗೆಯುವಳು, ಆಮೇಲೆ ಮೇಣ ಕರಗಿಸಿ ತಳದ ತೂತು ಮುಚ್ಚುವಳು. ಕೂಸುಗಳು ಒತ್ತಿ ಒತ್ತಿ ನೋಡಿ ಅಳುತ್ತಿದ್ದವು. ನಾನು ಆ ಊರಿನಲ್ಲಿ ಮತ್ತೆ ಒಂಬತ್ತು ವರ್ಷ ಇದ್ದೆ. ಅಷ್ಟೂ ವರ್ಷ ಅಲ್ಲಿ ಒಂದು ರಬ್ಬರು ಗೊಂಬೆಯೂ ಪೀಂ ಎಂದದ್ದು ಕೇಳಲಿಲ್ಲ.

ಊರಿನ ಕೂಸುಗಳೆಲ್ಲ ಆಕೆಯ ಕೈ ಕಂಡವು, ಎರಡನ್ನು ಬಿಟ್ಟು. ಸೊಸೆಗೆ ಆಮೇಲೆ ಒಂದು ಹೆಣ್ಣು, ಒಂದು ಗಂಡು ಹುಟ್ಟಿದವು. ಎರಡು ನೀರಿಗೆ ಬಿಟ್ಟ ಆ ಕೈಗೆ ಅವಳು ತನ್ನ ಮಕ್ಕಳನ್ನು ಕೊಡಲಿಲ್ಲ. ಒಂದೇ ಮನೆ, ನಡುವೆ ಒಂದು ಗೋಡೆ ಎದ್ದಿತು, ಒಲೆ ಎರಡಾದವು. ಚುಚ್ಚುಮದ್ದಿನ ದಿನ ಸೊಸೆ ಮಕ್ಕಳನ್ನು ಕೇಂದ್ರಕ್ಕೆ ಕರೆತಂದರೆ ಆಕೆ ಕೊಡ ತೆಗೆದುಕೊಂಡು ಬೋರಿಂಗಿಗೆ ಹೋಗುತ್ತಿದ್ದಳು. ಕೊಡ ಮೊದಲೇ ತುಂಬಿರುತ್ತಿತ್ತು. ಆದರೂ ಹೋಗುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸೊಸೆಗೆ ಒಂದು ಮಾತು ಹೇಳಬಹುದಿತ್ತು. ಇವತ್ತು ಬೇಡ, ಮುಂದಿನ ವಾರ ಎಂದುಕೊಂಡೆ. ನನ್ನ ಬದುಕಿನಲ್ಲಿ ಹೊತ್ತಿಗೆ ಸರಿಯಾಗಿ ಮಾಡದ ಕೆಲಸ ಅದೊಂದೇ.

ಯಲಬುರ್ಗಾಕ್ಕೆ ವರ್ಗವಾಯಿತು, ಆಮೇಲೆ ಕುಷ್ಟಗಿಗೆ. ಕುಷ್ಟಗಿಯಲ್ಲಿ ನಾನು ನಿವೃತ್ತಳಾದ ದಿನ ಆಕೆ ಮೂರು ಬಸ್ಸು ಬದಲಿಸಿ ಬಂದಿದ್ದಳು, ಬಗಲಲ್ಲಿ ಹೊಸ ಅಕ್ಕಿಯ ಗಂಟು. ಎಲ್ಲರೂ ಹೋದಮೇಲೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಕೇಳಿಯೇಬಿಟ್ಟೆ.

"ಅಕ್ಕಾ, ಅವತ್ತು ಎರಡು ನೀರು ಅಂತ ಯಾಕ ಹೇಳಿದ್ರಿ?"

ಆಕೆ ಕಾಲಿನ ಧೂಳು ಕೊಡವಿದಳು. "ನಿಮ್ಮನ್ನ ತಗದು ಹಾಕಿದ್ರ ಮತ್ತ ಕೀಲಿ ಬೀಳ್ತಿತ್ರಿ ಬಾಯಾರ. ಹ್ಯಾಂಗೂ ನಂದು ಹೋಗಿತ್ತು. ಉಳಿದ ಹೆಣ್ಣಮಕ್ಕಳು ಹಡೀಬೇಕಿತ್ತಲ್ಲ."

"ಸೊಸಿಗೆ ನಾನು ಹೇಳ್ತೀನಿ."

"ಈಗ ಬ್ಯಾಡ. ನಾ ಹೋದಮ್ಯಾಲೆ ಆಕಿ ಕೇಳಿದ್ರ ಹೇಳ್ರಿ. ಕೇಳಲಿಲ್ಲಂದ್ರ ಬಿಡ್ರಿ." ಬಸ್ಸು ಬಂತು. ಹತ್ತಿ ಕಿಟಕಿಯಿಂದ ಕೂಗಿದಳು. "ಅಕ್ಕಿ ಎರಡು ನೀರಿಗೆ ಬಿಡಬ್ಯಾಡ್ರಿ ಮತ್ತ!"

ಆ ನಗೆಯೇ ಕೊನೆ. ಆಮೇಲೆ ನಾನು ಆಕೆಯನ್ನು ನೋಡಲಿಲ್ಲ.

ಫೋನು ಬಂದ ಮರುದಿನ ಹನ್ನೊಂದು ಗಂಟೆಗೆ ನಾನು ಆ ಅಂಗಳದಲ್ಲಿದ್ದೆ. ಸೊಸೆಗೆ ಈಗ ನಲವತ್ತು ದಾಟಿ ಕೂದಲು ಬೆಳ್ಳಗಾಗಿದೆ. ಹೆರಿಗೆಗೆ ಬಂದ ಮಗಳ ಕೂಸು ತೊಟ್ಟಿಲಲ್ಲಿತ್ತು. ಸೊಸೆ ಒಳಗಿನಿಂದ ಬಟ್ಟೆ ಸುತ್ತಿದ ಬೋಗುಣಿ ತಂದು ನನ್ನ ಮುಂದೆ ಇಟ್ಟಳು. ತಿಕ್ಕಿ ತಿಕ್ಕಿ ಅಂಚು ಕಾಗದದಷ್ಟು ತೆಳುವಾಗಿತ್ತು.

"ಇದರಿ. ಒಯ್ರಿ."

ನಾನು ಬೋಗುಣಿ ಎತ್ತಿಕೊಂಡು ಎದ್ದೆ. ಅವಳು ಎದುರಿಗೆ ಬಂದು ನಿಂತಳು.

"ಬಾಯಾರ, ಒಂದು ಕೇಳ್ತೀನಿ. ಅಷ್ಟು ವರ್ಷ ಆಕಿ ನಿಮ್ಮ ಕೈಯಾಗ ದುಡದಾಳ. ಒಂದರೆ ದಿನ ಎರಡು ನೀರಿಗೆ ಬಿಟ್ಟಿದ್ದು ನೋಡೀರೇನು?"

"ಇಲ್ಲ," ಎಂದೆ. "ಒಂದು ದಿನಾನೂ ಇಲ್ಲ. ಅವತ್ತೂ ಬಿಟ್ಟಿಲ್ಲ. ಬ್ಯಾರೆ ಪಾತ್ರಿ ಇರ್ಬೇಕು ಅಂದಾಕಿ ನಾನು. ಆ ಡಬ್ಬಿ ಕೈಯಾಗ ಹಿಡಿದು ನೋಡೀನಿ, ಛಲೋ ಐತಿ ಅಂತ ಗುರುತು ಹಾಕೀನಿ. ತಪ್ಪು ನಂದು. ನನ್ನ ನೌಕರಿ ಉಳಿಸಾಕ ಆಕಿ ಸುಳ್ಳು ಹೇಳಿದ್ಲು. ನಾ ಸುಮ್ನ ಇದ್ದೆ."

ಅವಳು ನಡುವಿನ ಗೋಡೆಯ ಕಡೆ ತಿರುಗಿ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಮೊನ್ನಿ ಸಾಯೂ ಮುಂದ ನೀರು ಕೇಳಿದ್ಲ್ರಿ," ಎಂದಳು. "ನಾ ಗ್ವಾಡಿ ಈ ಕಡೆ ಇದ್ದೆ. ಕೇಳಸ್ತು. ಏಳಲಿಲ್ಲ. ನೆರಮನ್ಯಾಕಿ ಬಂದು ಬಾಯಾಗ ನೀರು ಬಿಟ್ಲು."

ಆಮೇಲೆ ಮುಂದೆ ಬಂದು ನನ್ನ ಕೈಯಿಂದ ಬೋಗುಣಿ ತೆಗೆದುಕೊಂಡಳು. ಕಸಿದುಕೊಳ್ಳಲಿಲ್ಲ. ಮೆತ್ತಗೆ, ಒಂದೊಂದೇ ಬೆರಳು ಬಿಡಿಸಿ ತೆಗೆದುಕೊಂಡಳು.

"ಇದನ್ನ ನೀವು ಒಯ್ಯಬ್ಯಾಡ್ರಿ."

ಬಟ್ಟೆ ಬಿಚ್ಚಿದಳು. ತೊಟ್ಟಿಲ ಹತ್ತಿರ ಹೋಗಿ ಕೂಸಿನ ಗಿಲಕಿ, ಪ್ಲಾಸ್ಟಿಕ್ ಬಳೆ, ರಬ್ಬರಿನ ಮೀನು ತಂದು ಅದರಲ್ಲಿ ಹಾಕಿದಳು. ಕೊಡದ ಪಕ್ಕ, ಅತ್ತೆ ಕೂಡುತ್ತಿದ್ದ ಕಲ್ಲಿನ ಮೇಲೆ ಕೂತು ತಿಕ್ಕತೊಡಗಿದಳು. ನನ್ನನ್ನು ಕೂಡು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮೊದಲ ನೀರು ಅಂಗಳಕ್ಕೆ ಚೆಲ್ಲಿ ನನ್ನ ಚಪ್ಪಲಿಯವರೆಗೆ ಬಂತು. ಎರಡನೆಯದು ಬಂತು. ಮೂರನೆಯದನ್ನು ಚೆಲ್ಲಿ ಅವಳು ಅಂಗೈ ಮೂಸಿ ನೋಡಿದಳು. ಮತ್ತೆ ಕೊಡಕ್ಕೆ ಕೈ ಹಾಕಿದಳು. ನಾಲ್ಕು, ಐದು, ಆರು. ಓಣಿ ತಿರುಗುವವರೆಗೂ ನೀರು ಚೆಲ್ಲುವ ಸಪ್ಪಳ ನನಗೆ ಕೇಳುತ್ತಲೇ ಇತ್ತು.